ಮೊದಲು ನಿಮ್ಮ ಹೆಸರು

ಯಾರಾದರೂ ಹೆಸರು ಕೇಳಿದರೆ ಪದ್ಮವ್ವ ಮೊದಲು ಅವರ ಹೆಸರು ಕೇಳುತ್ತಿದ್ದಳು; ಆಮೇಲೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೆರಗನ್ನು ಸೊಂಟಕ್ಕೆ ಬಿಗಿದು, ತನ್ನದನ್ನು ಹೇಳಬೇಕೋ ಬೇಡವೋ ಎಂದು ನಿರ್ಧರಿಸುತ್ತಿದ್ದಳು. ಅಥಣಿ, ರಾಯಬಾಗಗಳ ಕಡೆಯಿಂದ ಮಿರಜದ ಆಸ್ಪತ್ರೆಗಳಿಗೆ ಬರುವ ರೋಗಿಗಳ ಮನೆಯವರಿಗೆ ರೊಟ್ಟಿ ಬಡಿದುಕೊಡುವ, ಎಡಗಾಲನ್ನು ತುಸು ಎಳೆದು ನಡೆಯುವ ಆಕೆಗೆ ಗಿರಣಿಯವನ ಮೇಲೂ ವಿಶ್ವಾಸವಿರಲಿಲ್ಲ. ಜೋಳ ಬೀಸಿ ಮುಗಿಯುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ.

ನಿಷೇಧಾಜ್ಞೆಗಳು ಮೇಲಿಂದ ಮೇಲೆ ಹೊರಡುತ್ತಿದ್ದ, ನೆರೆಯವನ ಎದುರು ಮಾತನಾಡಲೂ ಜನ ಅಂಜುತ್ತಿದ್ದ ಆ ದಿನಗಳಲ್ಲಿ, ಆಕೆಯ ತಂಗಿಯ ಗಂಡ, ರಿಕ್ಷಾ ಓಡಿಸುವ ಜ್ಯೋತೆಪ್ಪ, ಮಂತ್ರಿಯೊಬ್ಬರ ಸಭೆಯಲ್ಲಿ ಎದ್ದು ನಿಂತು, "ಮೆರವಣಿಗಿಗೆ ಬರ್ಲಿಲ್ಲಂತ ನಮ್ಮ ಓಣಿ ನಳ ಬಂದ್ ಮಾಡಿದವ್ರು ಯಾರ್ರಿ?" ಎಂದು ಕೇಳಿಬಿಟ್ಟ. ಮರುದಿನ ಬೆಳಿಗ್ಗೆ ಸಾದಾ ಬಟ್ಟೆಯ ಇಬ್ಬರು ಬಂದು ಅವನನ್ನು ಜೀಪಿಗೆ ಹತ್ತಿಸಿದರು. ಪದ್ಮವ್ವ ಅವರ ಹೆಸರು ಕೇಳಿದಳು, ಅವರು ನಕ್ಕರು.

ಆಕೆ ಠಾಣೆಗೆ ಹೋಗಿ ಕೇಳಿದಾಗ, ಅಂಥವನು ಇಲ್ಲಿಗೆ ಬಂದೇ ಇಲ್ಲ ಎಂದರು. ಓಣಿಯ ಮುಖಂಡ ಶಿದ್ರಾಮ ಬೆನ್ನಿಗೇ ಬಂದು, "ಮನೀಗೆ ನಡೀರಿ ಅಕ್ಕಾ, ಸಾಹೇಬ್ರು ನಮ್ಮ ಓಳಖೀದವರು, ನಾ ಮಾತಾಡ್ತೇನಿ" ಎಂದ. ಆ ಪರಿಚಯವೇ ಅನುಮಾನ ಹುಟ್ಟಿಸಿತು, ಆಕೆ ಕದಲಲಿಲ್ಲ. ಒಳಬಾಗಿಲಿನ ಬಳಿ ಬಿದ್ದಿದ್ದ, ಟೈರಿನ ಪಟ್ಟಿ ಹೊಲಿದ ಜೋಡನ್ನು ಕಂಡವಳೇ ಕೈಯಲ್ಲೆತ್ತಿ ಹಿಡಿದು, "ಇವು ನಮ್ಮ ಜ್ಯೋತೆಪ್ಪನ ಚಪ್ಪಲಿ. ಇವಷ್ಟ ನಡಕೋತ ಬಂದ್ವೇನ್ರಿ?" ಎಂದಳು.

"ನಾವ ಕಾಯ ತುಝಂ?" ಎಂದು ಅಧಿಕಾರಿ ಮರಾಠಿಯಲ್ಲಿ ಹೆಸರು ಕೇಳಿ ಗದರಿಸಿದ.

"ಮೊದಲ ನಿಮ್ಮ ಹೆಸರ ಹೇಳ್ರಿ. ಆಮ್ಯಾಲ ಅಂವನ್ನ ಯಾಕ ಹಿಡದೀರಿ ಹೇಳ್ರಿ. ಕೇಳೂ ಹಕ್ಕ ನನಗೈತಿ."

ಅಧಿಕಾರಿಯ ಅಂಗಿಯ ಮೇಲೆ ಹೆಸರಿನ ಪಟ್ಟಿ ಇರಲಿಲ್ಲ. ಮಧ್ಯಾಹ್ನ ರೊಟ್ಟಿ ಸಿಗದೆ ಆಕೆಯನ್ನು ಹುಡುಕುತ್ತ ಬಂದ ರೋಗಿಗಳ ಮನೆಯವರು, ವಿಷಯ ತಿಳಿದು, ಒಬ್ಬೊಬ್ಬರಾಗಿ ಗೇಟಿನ ಎದುರು ಕುಳಿತರು. ಸಂಜೆಗೆ ಮುನ್ನ ಜ್ಯೋತೆಪ್ಪನನ್ನು ಕೋರ್ಟಿಗೆ ಹಾಜರುಪಡಿಸಲೇಬೇಕಾಯಿತು. ತುಟಿ ಬಾತಿತ್ತು, ಜಾಮೀನು ಸಿಕ್ಕಿತು. ಬಿಡಿಸಿದ್ದು ತಾನೇ ಎಂದು ಶಿದ್ರಾಮ ಊರೆಲ್ಲ ಹೇಳಿಕೊಂಡ. ಪದ್ಮವ್ವ ವಾದಿಸಲಿಲ್ಲ, ಅಂದಿನಿಂದ ಅವನ ಎದುರು ಬಾಯಿ ಬಿಡುವುದನ್ನು ನಿಲ್ಲಿಸಿದಳು, ಅಷ್ಟೆ.

ಇಂಥವರು ನೆರೆಹೊರೆಗೆ ಸುಲಭದವರಲ್ಲ. ಅವರ ಸಂಶಯದ ಬಿಸಿ ನಿರಪರಾಧಿಗಳಿಗೂ ತಾಗುತ್ತದೆ, ಅವರನ್ನು ಧೀರರೆಂದು ಯಾರೂ ಕರೆಯುವುದಿಲ್ಲ. ಆದರೆ ಮನುಷ್ಯನೊಬ್ಬ ಹಗಲಲ್ಲೇ ಕಾಣೆಯಾದರೆ, ಮನೆಯವರು ಮೊದಲು ಓಡಿಹೋಗಿ ಬಡಿಯುವುದು ಇಂಥವರ ಬಾಗಿಲನ್ನೇ.