ಗಂಧ ಮೆತ್ತಿದ ಪೊಟ್ಟಣಗಳು

ಪೂಜೆಯಲ್ಲಿ ಕೈ ತಪ್ಪಿದ್ದನ್ನು ಯಾರಾದರೂ ತೋರಿಸಿದಾಗ ‘ಭಕ್ತಿಯಿಂದ ಮಾಡಿದ್ದು’ ಎಂದು ನುಣುಚಿಕೊಂಡವರಲ್ಲವೇ ನೀವೂ? ಹಾಗಿದ್ದರೆ ೧೯೬೮ರ ಮಹಾನವಮಿಯಂದು ಹೊನ್ನಾವರದ ಒಂದು ಪುಟ್ಟ ಧರ್ಮಾಸ್ಪತ್ರೆಯಲ್ಲಿ ನಡೆದದ್ದನ್ನು ಕೇಳಿ.

ಆಸ್ಪತ್ರೆ ಕಟ್ಟಿಸಿದವರ ಪತ್ನಿ ಮಹಾಲಕ್ಷ್ಮಮ್ಮ ಆಯುಧಪೂಜೆಗೆಂದು ಶಸ್ತ್ರಚಿಕಿತ್ಸೆಯ ಕೋಣೆಯನ್ನು ತಾವೇ ಸಿಂಗರಿಸಿದ್ದರು. ಕತ್ತರಿ, ಚಿಮುಟಗಳಿಗೆ ಕುಂಕುಮವಾಯಿತು. ಆಮೇಲೆ ಅವರ ಕಣ್ಣು ಮುಂಬಯಿಯಿಂದ ತರಿಸಿದ್ದ, ಕೊಯ್ದ ಮೈ ಹೊಲಿಯುವ ದಾರದ ಪೊಟ್ಟಣಗಳ ಮೇಲೆ ಬಿತ್ತು. ಬೆಳ್ಳಿಯಂತೆ ಹೊಳೆಯುವ ಅವುಗಳನ್ನು ಅಬ್ಬಲಿಗೆ ಹೂವಿನ ನಡುನಡುವೆ ಪೋಣಿಸಿ ದೇವಿಯ ಪಟಕ್ಕೆ ಮಾಲೆ ಹಾಕಿದರು. ಪ್ರತಿಯೊಂದಕ್ಕೂ ಗಂಧ ಹಚ್ಚಿದರು. ಮಂಗಳಾರತಿಯಾದ ಮೇಲೆ ಮಾಲೆ ಬಿಚ್ಚಿ ಪೊಟ್ಟಣಗಳನ್ನು ಮತ್ತೆ ಡಬ್ಬಿಗೆ ತುಂಬಿದರು. ಯಾರೂ ತಡೆಯಲಿಲ್ಲ. ಧನಿಗಳ ಮನೆಯವರನ್ನು ತಡೆಯುವ ಅಭ್ಯಾಸ ನಮ್ಮಲ್ಲಿ ಎಲ್ಲಿದೆ?

ಅಷ್ಟರಲ್ಲಿ ಗೇರುಸೊಪ್ಪೆಯ ಕಡೆಯಿಂದ ಜಟ್ಟನೆಂಬ ಕೂಲಿಯಾಳು ಹೆಂಡತಿ ಬೊಮ್ಮಿಯನ್ನು ದೋಣಿಯಲ್ಲಿ ಮಲಗಿಸಿ ತಂದ. ಮಗು ಅಡ್ಡ ನಿಂತಿತ್ತು. ಹೊಟ್ಟೆ ಕೊಯ್ದು ತೆಗೆಯದೆ ಗತಿಯಿರಲಿಲ್ಲ. ಕುಮಟಾಕ್ಕೆ ಸಾಗಿಸುವಷ್ಟು ವ್ಯವಧಾನವೂ ಇರಲಿಲ್ಲ.

ಡಾಕ್ಟರ್ ಅನಂತಮೂರ್ತಿ ಹೊಲಿಗೆದಾರವಿದ್ದ ಆ ಒಂದೇ ಡಬ್ಬಿಯನ್ನು ತೆರೆದರು. ಮೊದಲ ಪೊಟ್ಟಣದ ಮೂಲೆಯಲ್ಲಿ ಹೂದಾರದ ಎಳೆಯೊಂದು ಸಿಕ್ಕಿಕೊಂಡಿತ್ತು.

“ಅಮ್ಮಾ, ಇದಕ್ಕೆ ಸೂಜಿ ಚುಚ್ಚಿದಿರಾ?”

ಊರಿನ ಹತ್ತಾರು ಜನ ಪ್ರಸಾದಕ್ಕೆಂದು ನಿಂತಿದ್ದರು. “ಅದೊಂದಕ್ಕೆ ಎಲ್ಲೋ ತಾಗಿದ್ದು. ಉಳಿದದ್ದೆಲ್ಲ ಬಾಳೆನಾರಲ್ಲಿ ಕಟ್ಟಿದ್ದು,” ಎಂದರು ಮಹಾಲಕ್ಷ್ಮಮ್ಮ. “ಎಂತ ಡಾಕ್ಟ್ರೇ, ದೇವರ ಹೂ ತಾಗಿರೆ ಮೈಲಿಗೆ ಆಗ್ತ?”

ನರ್ಸ್ ಪರಮೇಶ್ವರಿ ಸುಮ್ಮನಿರಲಿಲ್ಲ. “ಕತ್ತರಿ ಕುಂಕುಮ ತೊಳೆದು ಕುದಿಸಿದ್ರೆ ಹೋಗ್ತು, ಅಮ್ಮಾ. ಇದನ್ನ ಕುದಿಸಿದ್ರೆ ದಾರವೇ ಗಂಜಿ ಆಗ್ತು.”

“ನೀ ನಂಗೆ ಗಂಜಿ ಮಾಡದು ಕಲಿಸಡ!”

ಪೊಟ್ಟಣಗಳಿಗೆ ಮೆತ್ತಿದ ಗಂಧ ಒಣಗಿ ಗಟ್ಟಿಯಾಗಿತ್ತು. ಅದರಡಿ ತೂತಿದ್ದರೂ ಕಾಣುವಂತಿರಲಿಲ್ಲ. ತೊಳೆದರೆ ನೀರೇ ಒಳಹೊಕ್ಕೀತು. ಡಾಕ್ಟರು ದನಿಯೇರಿಸಲಿಲ್ಲ. ಪೊಟ್ಟಣವನ್ನು ಬೆಳಕಿಗೆ ಹಿಡಿದು, ಅದರ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಮಂತ್ರ ಹೇಳುವವರಂತೆ ನಿಧಾನವಾಗಿ ಕನ್ನಡದಲ್ಲಿ ಹೇಳಿದರು.

“ದಾರದ ದಪ್ಪ ಬರೆದಿದ್ದಾರೆ, ಉದ್ದ ಬರೆದಿದ್ದಾರೆ. ಮೈಯೊಳಗೆ ತಾನಾಗಿ ಕರಗುವಂಥದು. ಕ್ರಿಮಿರಹಿತ, ಪೊಟ್ಟಣ ತೆರೆಯದೆ, ಹರಿಯದೆ ಇದ್ದರೆ ಮಾತ್ರ. ಇದನ್ನು ಮುಚ್ಚಿದವರನ್ನು ನಾವು ಕಂಡಿಲ್ಲ, ಅಮ್ಮಾ. ಮುಚ್ಚಿದ ಮೇಲೆ ಈ ದಾರವನ್ನು ಹೊರಗಿನ ಗಾಳಿಯೂ ಮುಟ್ಟಿಲ್ಲ ಎಂದು ಅವರು ಮಾತು ಕೊಟ್ಟಿದ್ದಾರೆ. ಅವರ ಮಾತು ನಂಬಿ ನಾನು ಇದನ್ನು ಒಬ್ಬಳ ಗರ್ಭಕ್ಕೆ ಹೊಲೀತೇನೆ. ಈಗ ಆ ಮಾತು ಉಳಿದಿಲ್ಲ. ಉಳಿದಿರುವುದು ನಿಮ್ಮ ಮಾತೊಂದೇ.”

ಎರಡು ಬೆರಳಗಲದ ಆ ಹೊದಿಕೆಯೊಳಗೆ, ಮನುಷ್ಯರಿಗೆ ಅಸಾಧ್ಯವೆನಿಸುವಷ್ಟು ಶುದ್ಧಿಯನ್ನು ಯಾರೋ ಅಪರಿಚಿತರು ಒಬ್ಬ ಅಪರಿಚಿತ ಬಾಣಂತಿಗಾಗಿ ಕಾಪಿಟ್ಟಿದ್ದರು. ಯಾವ ಗರ್ಭಗುಡಿ ಇದಕ್ಕಿಂತ ಮಡಿಯಾಗಿತ್ತು?

ಬಾಗಿಲಾಚೆ ಬೊಮ್ಮಿ ನರಳಿದಳು. “ಒಡತೀ, ಎಂತಾರೂ ಹೇಳಿ, ಬೇಗ ಹೇಳಿ,” ಎಂದ ಜಟ್ಟ.

ಮಹಾಲಕ್ಷ್ಮಮ್ಮನ ಮುಖ ಬಿಳಿಚಿತು. “ನಾನೇ ಸುಳ್ಳು ಹೇಳಿದ್ದಿ, ಡಾಕ್ಟ್ರೇ. ಎಲ್ಲದಕ್ಕೂ ಸೂಜಿ ಹೊಕ್ಕಿದ್ದು. ದಾರ ಸಾಲದ್ದಕ್ಕೆ ಕಡೇ ಎರಡು ಮಾತ್ರ ನಾರಲ್ಲಿ ಕಟ್ಟಿದ್ದಿ.”

ಗಂಧದ ನಡುವೆ ನಾರು ಬಿಗಿದ ಗೆರೆಯಿದ್ದ ಎರಡು ಪೊಟ್ಟಣಗಳನ್ನು ಅವರೇ ಆರಿಸಿಕೊಟ್ಟರು. ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರು: ಆ ಎರಡರ ಮೂಲೆಗಳಿಗೆ ಗಂಧ ತಾಗಿರಲಿಲ್ಲ, ಅಂಚುಗಳು ಅಖಂಡವಾಗಿದ್ದವು. ಪರಮೇಶ್ವರಿ ಹೊರಹೊದಿಕೆಯನ್ನು ಬಿಡಿಸಿ ಹಿಡಿದಳು. ಡಾಕ್ಟರು ಅದರ ಹೊರಮೈಗೆ ತಾಗದಂತೆ ಒಳಪೊಟ್ಟಣವನ್ನು ಚಿಮುಟದಿಂದ ಎತ್ತಿಕೊಂಡರು. ಒಂದು ಗೇಣು ದಾರವನ್ನೂ ವ್ಯರ್ಥಮಾಡದೆ ಒಳಹೊಲಿಗೆಯನ್ನು ಆ ಎರಡರಲ್ಲೇ ಮುಗಿಸಿದರು. ತಾಯಿ ಉಳಿದಳು. ಹೆಣ್ಣುಮಗುವಿನ ಅಳು ಅಂಗಳದವರೆಗೆ ಕೇಳಿಸಿತು.

ಮಹಾಲಕ್ಷ್ಮಮ್ಮ ಉಳಿದ ಪೊಟ್ಟಣಗಳನ್ನು ಹಿತ್ತಿಲಿನ ಬೆಂಕಿಗೆ ಹಾಕುವಾಗ ಯಾರೋ ಗೊಣಗಿದರು: “ದೇವಿಗೆ ಏರ್ಸಿದ್ದನ್ನ ಸುಡೂದಾ?”

“ಏರ್ಸಿದ್ದೂ ನಾನೇ, ಕೆಡ್ಸಿದ್ದೂ ನಾನೇ. ಆಚೆ ನಿಲ್ಲು, ಹೊಗೆ ತಾಗ್ತು.”

ಓದುಗರೇ, ನಿಮ್ಮೂರಿನ ಆಸ್ಪತ್ರೆಯಲ್ಲಿ ಇಂಥ ಪೊಟ್ಟಣ ನಿಮ್ಮ ಕೈಗೆ ಬಂದರೆ ಅದರ ಮೇಲಿನ ಅಕ್ಷರಗಳನ್ನು ಓದಿ, ಬಾರದಿದ್ದರೆ ಓದಿಸಿ ಕೇಳಿ. ಅದು ನಿಮ್ಮಿಂದಲೇ ಹರಿದಿದ್ದರೆ, ಎಷ್ಟು ಜನ ನೋಡುತ್ತಿದ್ದರೂ ಸರಿ, ರೋಗಿಯನ್ನು ಮೇಜಿಗೇರಿಸುವ ಮೊದಲೇ ಬಾಯಿಬಿಟ್ಟು ಹೇಳಿ.