ಹನ್ನೊಂದನೆಯ ಸೂಜಿ

ಆ ಮಧ್ಯಾಹ್ನ ಆಪೆರಾ ಎಂಬ ಹಾಡುನಾಟಕ ನೋಡಲು ನಾನು ಹೋದದ್ದು ಅಕ್ಕನ ಬದಲಿಗೆ. “ಒಬ್ಬಳು ಸಾಯೋದನ್ನ ನೋಡೋಕೆ ಮೂರು ಗಂಟೆ ಕೂರಬೇಕಾ? ನಿಮ್ಮ ಭಾವನ ಜೊತೆ ನೀನೇ ಹೋಗು” ಎಂದು ಟಿಕೆಟನ್ನು ನನ್ನ ಕೈಗೆ ತುರುಕಿದ್ದಳು. ಭಾವ ಆ ರಂಗಮಂದಿರದ ದರ್ಜಿ. ಇಪ್ಪತ್ತು ವರ್ಷ ಪರದೆಯ ಹಿಂದೆ ಕಳೆದವರು ಮುಂದೆ ಕೂತದ್ದು ಅಂದೇ ಮೊದಲು.

ವಾದ್ಯದವರು ಶ್ರುತಿ ಮಾಡಿಕೊಳ್ಳುವಾಗ ಭಾವ ಜೇಬಿನಿಂದ ಸೂಜಿ ಚುಚ್ಚಿಡುವ ಉಣ್ಣೆಪಟ್ಟಿ ತೆಗೆದು ಬೆರಳಾಡಿಸಿದರು. ಹನ್ನೊಂದು ಸೂಜಿ ಎಣಿಸಿದ ಮೇಲೇ ಉಡುಪನ್ನು ಕೈಬಿಡುವುದು ಅವರ ಪದ್ಧತಿ. ಇವತ್ತು ಟಿಕೆಟಿನ ಸಂಭ್ರಮದಲ್ಲಿ ಎಣಿಸದೆ ಎದ್ದು ಬಂದಿದ್ದರು.

“ಹತ್ತೇ ಇದೆ ಕಣೋ.”

“ಎಲ್ಲೋ ಬಿದ್ದಿರುತ್ತೆ ಬಿಡಿ, ಭಾವ.”

“ಎಲ್ಲೋ ಅಲ್ಲ. ನಾಯಕಿಯ ಉಡುಪಿನ ಎಡ ಪಕ್ಕೇಲಿ.”

ಹಾಡುವವರ ಉಡುಪಿನಲ್ಲಿ ಪಕ್ಕೆಯ ಬಳಿ ಎರಡು ಬೆರಳು ಸಡಿಲ ಬಿಡುತ್ತಾರೆ. ಭಾವ ಅದನ್ನು ಉಸಿರಿನ ಜಾಗ ಎನ್ನುತ್ತಾರೆ. ಬೆಳಿಗ್ಗೆ ನಾಯಕಿಯ ಉಡುಪಿನಲ್ಲಿ ಅದನ್ನೇ ಬಿಚ್ಚಿ ಹೊಲಿದಿದ್ದರು.

ಪರದೆ ಎದ್ದಿತು. ಕಥಾಸಾರವನ್ನು ನಾನು ಓದಿಕೊಂಡು ಬಂದಿದ್ದೆ: ಮೊದಲ ಅಂಕ ಪ್ರೇಮ, ಎರಡನೆಯದು ಅನುಮಾನ, ಮೂರನೆಯದು ಸಾವು. ನನಗೆ ಪ್ರೇಮ ಸಿಗಲೇ ಇಲ್ಲ. ಪಿಟೀಲುಗಳು ಮೆಲ್ಲಗೆ ಏರಿದರೆ ನಾಯಕಿ ಈಗ ಉಸಿರೆಳೆಯುತ್ತಾಳೆ ಎಂದಷ್ಟೇ ತಿಳಿಯುತ್ತಿತ್ತು. ಹಿಂದಿನ ಸಾಲಿನ ಹೆಂಗಸು “ಎಷ್ಟು ಹಿತವಾಗಿದೆ!” ಎಂದಳು. ಭಾವನ ಉಗುರು ನನ್ನ ಮಣಿಕಟ್ಟಿಗೆ ಇಳಿಯಿತು.

ವಿರಾಮದಲ್ಲಿ ಒಳಬಾಗಿಲಿಗೆ ಓಡಿದೆವು. ಕಾವಲಿನವನು ಕಾಲು ಅಡ್ಡ ಇಟ್ಟ.

“ಮುಗಿಯೋವರೆಗೂ ಅವರನ್ನ ಯಾರೂ ಮುಟ್ಟೋ ಹಾಗಿಲ್ಲ, ದರ್ಜಿಯಣ್ಣ. ಈ ರೂಲ್ಸು ನೀವೇ ನನಗೆ ಹೇಳಿಕೊಟ್ಟಿದ್ದು.”

“ಜೀವದ ಮಾತು ಕಣಯ್ಯ!”

“ಇಲ್ಲಿಗೆ ಬರೋರೆಲ್ಲ ಹಾಗೇ ಅನ್ನೋದು.”

ಮೂರನೆಯ ಅಂಕದಲ್ಲಿ ತಮಟೆಯಂಥ ದೊಡ್ಡ ವಾದ್ಯವೊಂದು ನಿಧಾನವಾಗಿ ಬಡಿಯತೊಡಗಿತು. ಅದು ನನ್ನ ಎದೆಯೊಳಗೇ ಇದೆಯೆಂದು ಕೈಯಿಟ್ಟು ನೋಡಿಕೊಂಡೆ. ಆಮೇಲೆ ಎಲ್ಲ ವಾದ್ಯಗಳೂ ನಿಂತವು. ಅವಳು ಉಸಿರೆಳೆದಳು. ಅರ್ಧಕ್ಕೇ ತಡೆದಳು. ವಾದ್ಯದವರನ್ನು ನಡೆಸುವವನ ಕೋಲು ಗಾಳಿಯಲ್ಲೇ ಉಳಿಯಿತು. ಭಾವ ಕಣ್ಣು ಮುಚ್ಚಿಕೊಂಡರು.

ಆಮೇಲೆ ಆ ಸ್ವರ ಬಂತು. ತೆಳ್ಳಗೆ, ನೆಟ್ಟಗೆ, ಮನುಷ್ಯರ ಗಂಟಲಿನದಲ್ಲ ಎಂಬಂತೆ. ಸಾವಿರ ಜನ ಅತ್ತರು. ನಮ್ಮಿಬ್ಬರಿಗೆ ಅಳುವುದಕ್ಕೂ ಧೈರ್ಯವಿರಲಿಲ್ಲ, ಏಕೆಂದರೆ ಅವಳು ಕುಸಿಯುತ್ತಿದ್ದಳು, ಅದೂ ಎಡಮಗ್ಗುಲಿಗೆ.

ಪರದೆ ಇಳಿಯಿತು. ಮತ್ತೆ ಏಳಲು ತಡವಾಯಿತು. ಎದ್ದಾಗ ಅವಳು ನಿಂತಿದ್ದಳು, ಅಂಗೈಯನ್ನು ಪಕ್ಕೆಗೆ ಒತ್ತಿಕೊಂಡು.

ಬಣ್ಣದ ಕೋಣೆಯಲ್ಲಿ ಅವಳು ಭಾವನಿಗೆ ಮುಷ್ಟಿ ಬಿಚ್ಚಿ ತೋರಿಸಿದಳು. ಹನ್ನೊಂದನೆಯದು. ಉಡುಪಿನ ಅಸ್ತರಿನ ಮೇಲೆ ಸಾಸಿವೆಯಷ್ಟು ಕೆಂಪು.

“ನನ್ನ ಕೆಲಸದಿಂದ ತೆಗೆಸಿಬಿಡಿ, ತಾಯಿ,” ಎಂದರು ಭಾವ.

“ಬಾಗಿಲು ಹಾಕಿ ಮೊದಲು.” ಅವಳು ಕನ್ನಡಿಯಲ್ಲಿ ನಮ್ಮನ್ನು ನೋಡಿದಳು. “ಉಸಿರೆಳೀತಿದ್ದ ಹಾಗೇ ಚುಚ್ಚಿತು. ಹನ್ನೆರಡು ವರ್ಷದಿಂದ ಆ ಸ್ವರಕ್ಕೆ ಕೈ ಚಾಚ್ತಾ ಇದ್ದೆ, ಸಿಕ್ಕಿರಲಿಲ್ಲ; ಆ ನೋವಲ್ಲಿ ಸಿಕ್ತು. ಇವತ್ತು ಎಲ್ರೂ ಕೇಳಿಬಿಟ್ರು.” ಬಣ್ಣ ಒರೆಸುತ್ತಿದ್ದ ಕೈ ನಿಂತಿತು. “ನಾಳೇನೂ ಕೇಳೋಕೆ ಬರ್ತಾರಲ್ಲ, ಮಾಸ್ಟ್ರೇ?”

ಭಾವ ಸೂಜಿಯನ್ನು ಪಟ್ಟಿಗೆ ಚುಚ್ಚಿ, ಎರಡು ಸಲ ಎಣಿಸಿ, ಕೋಟಿನ ಒಳಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಅವಳ ಕಣ್ಣು ಆ ಗುಂಡಿಯ ಮೇಲೇ ಇತ್ತು.