ಡಾಕ್ಟರ್ ಈರಣ್ಣನವರ ಕೊನೆಯ ಉತ್ತರ

ಕಾಫಿಯ ವಾಸನೆ, ಯಾರಿಗೋ ಕೊಟ್ಟರು, ನನಗಲ್ಲ, ನನಗೆ ಮೂಗಿನ ನಳಿಗೆಯಲ್ಲಿ ಗಂಜಿ — ಕುಡಿಯುತ್ತಿರುವವನು ದ್ವಾರಕಾನಾಥ್, ನೈರೋಬಿಯ ಕನ್ನಡದವರ ಮದುವೆಗೂ ಸಾವಿಗೂ ಮುಂದೆ ನಿಲ್ಲುವವನು, ಲಂಗಾಟಾದ ನನ್ನ ಮನೆಗೆ ಬಂದು ನನ್ನ ಮಂಚದ ಬಳಿಯೇ ಕೂತು ನನ್ನ ಅಂತ್ಯಕ್ರಿಯೆ ನಿಶ್ಚಯಿಸುತ್ತಿದ್ದಾನೆ, ನನ್ನ ಮಗನಿಗೆ ಹೇಳುತ್ತಾನೆ, ನೋಡಿ ಕಿಶನ್, ಗೌರ್ಮೆಂಟ್‌ನೋರು ಧ್ವಜ ಹೊದಿಸ್ತಾರಂತೆ, ಕ್ರೆಮೆಟೋರಿಯಂಗೆ ನಾನು ಹೇಳಿಟ್ಟಿದೀನಿ, ಅಸ್ಥಿ ಕಾವೇರಿಗೆ, ನೀವೇನೂ ಯೋಚ್ನೆ ಮಾಡ್ಬೇಡಿ. ಅಯ್ಯಾ, ನಮ್ಮಲ್ಲಿ ಸುಡುವುದಿಲ್ಲ, ಲಿಂಗಾಯತರನ್ನು ಮಣ್ಣಲ್ಲಿ ಕೂರಿಸುತ್ತಾರೆ, ಹಾವೇರಿಯಲ್ಲಿ ನನ್ನ ಅಪ್ಪನನ್ನು ಹಾಗೆಯೇ ಕೂರಿಸಿದ್ದು, ಹಣೆ ತುಂಬ ವಿಭೂತಿ — ಹೇಳಲೆಂದು ಬಾಯಿ ತೆರೆದೆ, ಬಂದದ್ದು ಸವಾ. ಪಾರ್ಶ್ವವಾಯು ಹೊಡೆದ ಮೇಲೆ ಉಳಿದದ್ದು ಅದೊಂದೇ, ಸರಿ ಅನ್ನುವ ಸ್ವಾಹಿಲಿ ಮಾತು, ನೋವಾದರೂ ಸವಾ, ಬೇಡ ಎನ್ನಲು ಹೋದರೂ ಸವಾ, ಐದು ಭಾಷೆಯಲ್ಲಿ ಭಾಷಣ ಬಿಗಿದವನು, ಇಲ್ಲಿಯ ಹುಲ್ಲುಗಳ ಮೇಲೆ ಪುಸ್ತಕ ಬರೆದವನು, ಸಂವಿಧಾನದ ಕರಡು ತಿದ್ದಿದವನು, ಥೂ! ಪಂಗಾನಿಯ ನನ್ನ ದವಾಖಾನೆಗೆ ಒಬ್ಬ ದರ್ಜಿಯನ್ನು ಕರೆತಂದಿದ್ದರು, ಅವನಿಗೂ ಹೀಗೇ, ಏನು ಕೇಳಿದರೂ ನಾಳೆ ಎನ್ನುತ್ತಿದ್ದ, ಹೆಂಡತಿಗೆ ಹೇಳಿದ್ದೆ, ಅವನ ಬಾಯಿಯನ್ನು ನಂಬಬೇಡಮ್ಮ, ಕಣ್ಣು ನೋಡು. ನನ್ನ ಮಗನಿಗೆ ಅದನ್ನು ಹೇಳುವವರು ಯಾರೂ ಇಲ್ಲ.

ಕಿಶನ್‌ನ ತಪ್ಪಲ್ಲ, ಜಾತಿಯ ಮಾತು ಈ ಹೊಸಿಲು ದಾಟಕೂಡದು ಎಂದವನು ನಾನು, ಕೊಂಕಣಿಗರ ಮನೆಯ ಶಾಂತಾಳನ್ನು ಕಟ್ಟಿಕೊಂಡವನು, ಅವಳು ಹೋದಾಗ ಅವಳಿಚ್ಛೆಯಂತೆ ನಾನೇ ಕೊಳ್ಳಿ ಇಟ್ಟೆ, ಪಕ್ಕದಲ್ಲಿ ನಿಂತಿದ್ದ ಮಗ ಕಲಿತದ್ದು ಅಷ್ಟೇ, ನಮ್ಮವರನ್ನು ಸುಡುತ್ತಾರೆ. ಜಾತಿ ಹಾಳಾಗಲಿ, ಇದು ಜಾತಿಯ ವಿಷಯವೂ ಅಲ್ಲ — ಈ ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸತು, ಮೊದಲ ಸಂಸತ್ತು, ನಾನೂ ಅದರ ಸದಸ್ಯ, ಎದುರು ಬೆಂಚಿನವನು ಎದ್ದು ಕೂಗುತ್ತಾನೆ, ನೀವು ಇಂಡಿಯನ್ನರು, ಸತ್ತರೆ ಬೂದಿಯನ್ನೂ ಊರಿಗೇ ಕಳಿಸುತ್ತೀರಿ, ನಾನು ಎದ್ದು ನಿಲ್ಲುತ್ತೇನೆ, ಬ್ರಿಟಿಷರ ಜೈಲಿನಲ್ಲಿ ಸೊರಗಿದ ಕಾಲಿನ ಮೇಲೇ, ನನ್ನನ್ನು ಇಲ್ಲೇ ಹೂಳುತ್ತಾರೆ, ನಮ್ಮ ಈ ಮಣ್ಣಿನಲ್ಲಿ, ಬರೆದಿಟ್ಟುಕೊಳ್ಳಿ! ಎಂಥ ಚಪ್ಪಾಳೆ, ಮೇಜು ಗುದ್ದಿದ್ದೇನು — ನಲವತ್ತು ವರ್ಷವಾಯಿತು, ಕೇಳಿದವರೆಲ್ಲ ಸತ್ತರು, ಈಗ ಅವನೇ ಗೆಲ್ಲುತ್ತಾನೆ, ನನ್ನ ಬೂದಿ ವಿಮಾನ ಹತ್ತುತ್ತದೆ, ನಾನು ಸುಳ್ಳನಾಗುತ್ತೇನೆ.

ಕಿಶನ್ ಬಾಗುತ್ತಾನೆ, ಕಣ್ಣು ಕೆಂಪಾಗಿದೆ, ನಿದ್ದೆಗೆಟ್ಟ ಮಗು, ಒಳ್ಳೆಯ ಮಗು, ಅಪ್ಪಾ, ಐ ವಾಂಟ್ ಟು ಆಸ್ಕ್ ಯೂ, ಅಮ್ಮನ ಹಾಗೇ ಮಾಡ್ಲಾ, ಈಸ್ ದಟ್ ಓಕೆ? ತುಟಿ ಬಿಚ್ಚಬೇಡ ಈರಣ್ಣ, ಹಲ್ಲು ಕಚ್ಚು, ಕಚ್ಚು — ಸವಾ. ಥ್ಯಾಂಕ್ಯೂ ಅಪ್ಪಾ, ಅಳುತ್ತ ನಗುತ್ತಾನೆ, ಎಷ್ಟು ನಿರಾಳವಾಗಿದ್ದಾನೆ, ದ್ವಾರಕಾನಾಥ್ ಆಗಲೇ ಮೊಬೈಲ್ ಕಿವಿಗಿಟ್ಟ, ಸಾರ್ ಒಪ್ಕೊಂಡ್ರು. ಇಲ್ಲ, ಇಲ್ಲ, ಎಡಗೈ ಇದೆಯಲ್ಲ, ಎತ್ತುತ್ತೇನೆ, ಬೆರಳು ಚಾಚುತ್ತೇನೆ, ಕೆಳಗೆ, ಮಣ್ಣು ಕಣೋ ಕಿಶನ್, ಮಣ್ಣು — ಅವನು ಬಗ್ಗಿ ಮಂಚದಡಿ ನೋಡುತ್ತಾನೆ, ಚಪ್ಪಲಿ ಬೇಕಾ ಅಪ್ಪಾ, ನನ್ನ ತಣ್ಣನೆಯ ಪಾದಕ್ಕೆ ಮೆತ್ತಗೆ ತೊಡಿಸುತ್ತಾನೆ, ಬೆರಳು ಇನ್ನೂ ನೆಲದ ಕಡೆ, ಇನ್ನೊಂದು ಚಪ್ಪಲಿಯನ್ನೂ ತೊಡಿಸುತ್ತಾನೆ, ಬೆರಳು ನೆಲದ ಕಡೆ, ನೆಲದ ಕಡೆ